ಇಆರ್‌ಪಿ ಶುರು ಮಾಡುವ ಮುಂಚೆ ಸ್ಟೋರ್ಸ್‌ಗೆ ಹೋಗಿ ಎಣಿಸಿ

ಕಾರ್ಖಾನೆಗೆ ಹೊಸ ಇಆರ್‌ಪಿ (ಖರೀದಿಯಿಂದ ಅಕೌಂಟ್ಸ್‌ವರೆಗೆ ಎಲ್ಲ ವಿಭಾಗದ ಲೆಕ್ಕವನ್ನೂ ಒಂದೇ ಕಡೆ ಇಡುವ ಸಾಫ್ಟ್‌ವೇರ್) ಹಾಕಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ. ನಾನು ಪ್ಲಾನಿಂಗ್‌ನಲ್ಲಿ ಇರುವವನು. ನಮಗಾದ ಪಾಡು ನಿಮಗೆ ಬರಬಾರದು.

ಖರೀದಿ, ಸ್ಟೋರ್ಸ್, ಪ್ರೊಡಕ್ಷನ್, ಅಕೌಂಟ್ಸ್ ಎಲ್ಲವೂ ಒಂದೇ ದಿನ ಹೊಸ ಸಾಫ್ಟ್‌ವೇರ್‌ಗೆ ಹೋದವು. ಹಳೆಯದನ್ನು ಅವತ್ತೇ ನಿಲ್ಲಿಸಿದೆವು. ಎರಡನೇ ವಾರ ಲೈನ್ ನಿಂತಿತು. ಸ್ಕ್ರೀನ್‌ನಲ್ಲಿ ಶೀಟ್ ಬೇಕಾದಷ್ಟಿದೆ, ರ‍್ಯಾಕ್‌ನಲ್ಲಿ ಒಂದೂ ಇಲ್ಲ!

ಆಗಿದ್ದು ಇಷ್ಟು. ನಮ್ಮಲ್ಲಿ ಬ್ಯಾಕ್‌ಫ್ಲಶ್ ಇಟ್ಟಿದ್ದರು. ತಯಾರಾದ ಪೀಸ್‌ಗಳ ಲೆಕ್ಕ ಕೊಟ್ಟರೆ ಸಾಕು, ಬಿಒಎಂ (ಒಂದು ಪೀಸ್‌ಗೆ ಯಾವ ಮಾಲು ಎಷ್ಟು ಬೇಕು ಅನ್ನುವ ಪಟ್ಟಿ) ನೋಡಿ ಸಿಸ್ಟಮ್ಮೇ ಕಚ್ಚಾ ಮಾಲನ್ನು ಕಳೆದುಕೊಳ್ಳುತ್ತದೆ. ಆದರೆ ಸ್ಕ್ರ್ಯಾಪ್ ಆದದ್ದನ್ನು ಯಾರೂ ಎಂಟ್ರಿ ಮಾಡುತ್ತಿರಲಿಲ್ಲ. ಹಾಳಾದ ಶೀಟ್‌ಗಳೆಲ್ಲ ಸ್ಟಾಕ್ ಅಂತಲೇ ಉಳಿದವು. ಯಾವ ಮಾಲು ಎಷ್ಟು ತರಿಸಬೇಕು ಅಂತ ಲೆಕ್ಕ ಹಾಕುವ ಸಿಸ್ಟಮ್‌ನ ಭಾಗ ಎಂಆರ್‌ಪಿ, ಮಾಲು ಇದೆ ಅಂದುಕೊಂಡು ಆರ್ಡರ್ ಹಾಕಲಿಲ್ಲ. ವೈರ್ ವಿಷಯದಲ್ಲಿ ಉಲ್ಟಾ. ಖರೀದಿ ಕೆಜಿಯಲ್ಲಿ, ಬಳಕೆ ಮೀಟರ್‌ನಲ್ಲಿ. ಕೆಜಿಗೆ ಎಷ್ಟು ಮೀಟರ್ ಅನ್ನುವುದನ್ನು ತಪ್ಪಾಗಿ ತುಂಬಿದ್ದರು. ಬೇಡದ ವೈರ್ ಬಂದು ಬಂದು ಗೋಡೌನ್ ತುಂಬಿತು.

ಸ್ಟೋರ್ಸ್‌ನ ಹಿರಿಯರೊಬ್ಬರು ಮೊದಲ ವಾರವೇ "ಲೆಕ್ಕ ಕೂಡ್ತಾ ಇಲ್ಲ ಸಾರ್" ಅಂದಿದ್ದರು. ನಾನು ಸ್ಕ್ರೀನ್ ನಂಬಿದೆ. ಅದಕ್ಕೆ ಈಗಲೂ ಬೇಸರವಿದೆ.

ದೊಡ್ಡವರಿಗೂ ಇದು ತಪ್ಪಿಲ್ಲ. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಷೀಸ್, 48 ತಿಂಗಳು ಬೇಕಿದ್ದ ಕೆಲಸವನ್ನು 30 ತಿಂಗಳಿಗೆ ಇಳಿಸಿ, ಹ್ಯಾಲೊವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತಿಗೇ ಹೊಸ ಸಿಸ್ಟಮ್ ಶುರು ಮಾಡಿತು. ಮಾಲು ಇದ್ದೂ ಸುಮಾರು 10 ಕೋಟಿ ಡಾಲರ್‌ನಷ್ಟು ಆರ್ಡರ್ ಕಳಿಸಲಾಗಲಿಲ್ಲ. ನಾವೂ ಡಿಸ್ಪ್ಯಾಚ್ ಜಾಸ್ತಿ ಇರುವ ತಿಂಗಳಲ್ಲೇ ಶುರು ಮಾಡಿದ್ದೆವು.

ಸಾಫ್ಟ್‌ವೇರ್ ಕೆಟ್ಟದ್ದಲ್ಲ. ಸ್ಟಾಕ್ ಸರಿಹೋದ ಮೇಲೆ ನಮ್ಮ ಪ್ಲಾನ್ ಮೊದಲಿಗಿಂತ ಚೆನ್ನಾಗಿಯೇ ನಡೆಯುತ್ತಿದೆ. ಹಾಗಾಗಿ ಹಾಕಿಸಬೇಡಿ ಅನ್ನುತ್ತಿಲ್ಲ. ಮೊದಲು ಒಂದೇ ಐಟಂ ತೆಗೆದುಕೊಳ್ಳಿ. ಖರೀದಿಯಿಂದ ಬಿಲ್‌ವರೆಗೆ ಅದನ್ನು ಓಡಿಸಿ ನೋಡಿ. ಬೇಕೆಂದೇ ಎರಡು ಪೀಸ್ ಸ್ಕ್ರ್ಯಾಪ್ ಮಾಡಿ, ಸ್ಟಾಕ್ ಇಳಿಯಿತಾ ಅಂತ ರ‍್ಯಾಕ್ ಮುಂದೆ ನಿಂತು ಎಣಿಸಿ. ಇಳಿಯದಿದ್ದರೆ ತಾರೀಖು ಮುಂದೆ ಹಾಕಿ, ಮ್ಯಾನೇಜ್‌ಮೆಂಟ್ ಎಷ್ಟೇ ಒತ್ತಾಯ ಮಾಡಲಿ.