ಮಲೆನಾಡಿನ ತೋಟದ ಮನೆಗೆ ಸೋಲಾರ್: ಟ್ಯೂಬ್ಯುಲರ್ ಬ್ಯಾಟರಿಯೋ, ಲಿಥಿಯಂ ಬ್ಯಾಟರಿಯೋ?

ಕರೆಂಟು ಕಂಬ ತಲುಪದ ತೋಟದ ಮನೆಗೆ ಸೋಲಾರ್ ಹಾಕಿಸುವವರು ಮೊದಲು ಕೇಳುವುದು ಎಷ್ಟು ವ್ಯಾಟಿನ ಪ್ಯಾನೆಲ್ ಬೇಕು ಎಂದು. ತೀರ್ಥಹಳ್ಳಿ, ಹೊಸನಗರ, ಸಿದ್ದಾಪುರದ ಕಡೆ ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬ್ಯಾಟರಿ ಅರೆಹೊಟ್ಟೆಯಲ್ಲಿ ಬದುಕುತ್ತದೆಯೇ? 150 ಆ್ಯಂಪ್-ಅವರ್ ಟ್ಯೂಬ್ಯುಲರ್ (ಆಸಿಡ್ ತುಂಬಿದ ಸೀಸದ ಬ್ಯಾಟರಿ) ಮತ್ತು 100 ಆ್ಯಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್, ಎರಡೂ 12 ವೋಲ್ಟಿನವು. ಇವನ್ನು ಒಂದೇ ಬಗೆಯ ಲೋಡಿಗೆ ಬಳಸಿ ನೋಡಿದಾಗ ವ್ಯತ್ಯಾಸ ಎದ್ದು ಕಾಣುವುದು ಈ ತಿಂಗಳುಗಳಲ್ಲೇ.

ಲೋಡು ಸಣ್ಣದು. 7 ವ್ಯಾಟಿನ ನಾಲ್ಕು ಡಿಸಿ ಎಲ್‌ಇಡಿ ಬಲ್ಬು ಐದು ಗಂಟೆ ಉರಿದರೆ 140 ವ್ಯಾಟ್-ಅವರ್. 28 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ರಾತ್ರಿ ಎಂಟು ಗಂಟೆ ತಿರುಗಿದರೆ 224. ಎರಡು ಮೊಬೈಲಿಗೆ 30. ಒಟ್ಟು ದಿನಕ್ಕೆ 400ರ ಆಸುಪಾಸು. ಇದಕ್ಕೆ ಇನ್ವರ್ಟರ್ ಸೇರಿಸುವ ಮುನ್ನ ಒಂದು ಲೆಕ್ಕ ಹಾಕಿ. ಮನೆಬಳಕೆಯ ಇನ್ವರ್ಟರ್ ಸುಮ್ಮನೆ ಆನ್ ಆಗಿದ್ದರೂ 10–15 ವ್ಯಾಟ್ ತಿನ್ನುತ್ತದೆ. ದಿನವಿಡೀ ಬಿಟ್ಟರೆ 240ರಿಂದ 360 ವ್ಯಾಟ್-ಅವರ್, ಇಡೀ ಮನೆಯ ಖರ್ಚಿಗೆ ಹತ್ತಿರ ಹತ್ತಿರ! ಮಿಕ್ಸಿ ಬೇಕೇ ಬೇಕೆಂದರೆ ಇನ್ವರ್ಟರಿಗೆ ಬೇರೆ ಸ್ವಿಚ್ ಇಟ್ಟು, ಅರೆಯುವಾಗಷ್ಟೇ ಹಾಕಿ.

ಟ್ಯೂಬ್ಯುಲರಿನಲ್ಲಿ 1800 ವ್ಯಾಟ್-ಅವರ್ (12 ವೋಲ್ಟ್ × 150) ಇದ್ದರೂ ಆಯಸ್ಸು ಉಳಿಯಬೇಕಾದರೆ ಅರ್ಧ ಮಾತ್ರ ತೆಗೆಯಬೇಕು, ಅಂದರೆ 900. ಲಿಥಿಯಂನದು 1280 (ಅದರ ನಿಜವಾದ ವೋಲ್ಟ್ 12.8), ಅದರಲ್ಲಿ ಶೇಕಡಾ 90 ತೆಗೆದರೂ ತೊಂದರೆಯಿಲ್ಲ, ಸುಮಾರು 1150 ಸಿಗುತ್ತದೆ. ಬೋರ್ಡಿನ ಮೇಲೆ ಸಣ್ಣದಾಗಿ ಕಾಣುವ ಬ್ಯಾಟರಿಯೇ ಬಳಕೆಯಲ್ಲಿ ದೊಡ್ಡದು. ಟ್ಯೂಬ್ಯುಲರ್ ಕೊಳ್ಳುವಾಗ ಸಿ10 ರೇಟಿಂಗ್ (ಹತ್ತು ಗಂಟೆಯಲ್ಲಿ ಖಾಲಿ ಮಾಡಿ ಅಳೆದ ಅಂಕೆ) ನೋಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಸಿ20 ಅಂಕೆ, ಅಂದರೆ ಇಪ್ಪತ್ತು ಗಂಟೆಯದು, ಅದೇ ಬ್ಯಾಟರಿಯನ್ನು ಹಿಗ್ಗಿಸಿ ತೋರಿಸುತ್ತದೆ.

ಈಗ ಮಳೆಗಾಲ. ಮಾರ್ಚಿನಲ್ಲಿ ಆರು ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಸಿಗುವ ಜಾಗದಲ್ಲಿ ಜಡಿಮಳೆಯ ದಿನ ಒಂದು ಗಂಟೆಯದ್ದೂ ಸಿಗದೆ ಹೋಗಬಹುದು. 330 ವ್ಯಾಟಿನ ಪ್ಯಾನೆಲ್‌ನಿಂದ ಅಂಥ ದಿನ ಬರುವುದು ಹೆಚ್ಚೆಂದರೆ 250 ವ್ಯಾಟ್-ಅವರ್, ಖರ್ಚು 400. ಟ್ಯೂಬ್ಯುಲರ್ ದಿನದಿಂದ ದಿನಕ್ಕೆ ಕೆಳಗಿಳಿದು ಅಲ್ಲೇ ನಿಲ್ಲುತ್ತದೆ. ಮಳೆ ಹೊಳವಾದಾಗಲೂ ಅದು ತುಂಬುವುದಿಲ್ಲ. ಏಕೆಂದರೆ ಕೊನೆಯ ಶೇಕಡಾ 20 ತುಂಬಲು 14.4 ವೋಲ್ಟಿನಲ್ಲಿ ಹಲವು ಗಂಟೆ ಎಡೆಬಿಡದೆ ಚಾರ್ಜ್ ಆಗಬೇಕು. ಅಷ್ಟರಲ್ಲಿ ಮತ್ತೆ ಮೋಡ. ವಾರಗಟ್ಟಲೆ ಅರೆಬರೆ ಚಾರ್ಜಿನಲ್ಲಿದ್ದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ದಸರಾ ಹೊತ್ತಿಗೆ ಬಿಸಿಲು ಬಂದರೂ ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) 1.240ಕ್ಕೆ ಏರದೆ 1.200ರ ಹತ್ತಿರ ನಿಂತರೆ ಆಗಿರುವುದು ಇದೇ. ಆಗ 15 ವೋಲ್ಟಿನ ಸುತ್ತ ಈಕ್ವಲೈಸ್ ಮಾಡಿದರೆ, ಅಂದರೆ ಬೇಕೆಂದೇ ಹೆಚ್ಚು ವೋಲ್ಟಿನಲ್ಲಿ ಚಾರ್ಜ್ ಮಾಡಿದರೆ, ಸ್ವಲ್ಪ ಮರಳಬಹುದು, ಪೂರ್ತಿ ಅಲ್ಲ.

‘ಮಳೆಗಾಲಕ್ಕೆ ದೊಡ್ಡ ಬ್ಯಾಟರಿ ಇರಲಿ’ ಎಂದು 200 ಆ್ಯಂಪ್-ಅವರಿನದನ್ನು ಹಾಕಿಸುವುದು ಇದಕ್ಕೆ ಮದ್ದಲ್ಲ, ಅದು ಕಾಯಿಲೆಯನ್ನೇ ಹೆಚ್ಚಿಸುತ್ತದೆ. ಟ್ಯೂಬ್ಯುಲರಿಗೆ ಅದರ ಅಂಕೆಯ ಹತ್ತರಲ್ಲೊಂದು ಪಾಲು ಚಾರ್ಜಿಂಗ್ ಕರೆಂಟ್ ಬೇಕು: 150ಕ್ಕೆ 15 ಆ್ಯಂಪ್, 200ಕ್ಕೆ 20. ಪ್ಯಾನೆಲ್ ಹೆಚ್ಚಿಸದೆ ಬ್ಯಾಟರಿ ಹೆಚ್ಚಿಸಿದರೆ ಹಸಿವು ಹೆಚ್ಚುತ್ತದೆ, ಅಷ್ಟೆ.

ಲಿಥಿಯಂಗೆ ಈ ಕಷ್ಟವಿಲ್ಲ. ಎರಡು ತಿಂಗಳು ಅರ್ಧ ಚಾರ್ಜಿನಲ್ಲೇ ಇದ್ದರೂ ಹಾಳಾಗದು, ಬಂದ ಕರೆಂಟನ್ನು ಹೆಚ್ಚು ವ್ಯರ್ಥ ಮಾಡದೆ ಹಿಡಿದಿಟ್ಟುಕೊಳ್ಳುತ್ತದೆ. ಅದರ ತೊಂದರೆಗಳೇ ಬೇರೆ. ಮೊದಲನೆಯದು, ವೋಲ್ಟ್ ನೋಡಿ ಚಾರ್ಜ್ ಅಂದಾಜಿಸಲಾಗದು. ಶೇಕಡಾ 70 ಇರಲಿ 40 ಇರಲಿ, ಮೀಟರ್ 13.2ರ ಆಸುಪಾಸಿನಲ್ಲೇ ಇರುತ್ತದೆ. ಶಂಟ್ (ಹೋಗಿಬರುವ ಕರೆಂಟನ್ನು ಅಳೆಯುವ ಪಟ್ಟಿ) ಇರುವ ಬ್ಯಾಟರಿ ಮೀಟರ್ ಹಾಕಿಸಿ. ಇನ್ನೊಂದು, ಬಲ್ಬು ಮಂಕಾಗಿ ಎಚ್ಚರಿಸುವುದಿಲ್ಲ, ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಥಟ್ಟನೆ ಕಡಿದುಬಿಡುತ್ತದೆ. ಹಾಗೆ ಕಡಿದ ಮೇಲೆ ಕೆಲವು ಕಂಟ್ರೋಲರುಗಳು (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜ್ ಹತೋಟಿಯಲ್ಲಿಡುವ ಡಬ್ಬಿಗಳು) ಬ್ಯಾಟರಿಯ ವೋಲ್ಟ್ ಸಿಗದೆ ಚಾರ್ಜ್ ಶುರುವೇ ಮಾಡುವುದಿಲ್ಲ; ಹೊರಗಿನಿಂದ ಚಾರ್ಜರ್ ಕೊಟ್ಟು ಎಬ್ಬಿಸಬೇಕು. ಕಂಟ್ರೋಲರಿನ ಲೋ-ಕಟ್ (ಲೋಡು ಕಡಿಯುವ ವೋಲ್ಟ್) 12 ವೋಲ್ಟಿಗೆ ಇಟ್ಟರೆ ಬಿಎಂಎಸ್‌ವರೆಗೆ ಹೋಗುವುದಿಲ್ಲ. ಚಾರ್ಜ್ 14.2ರಿಂದ 14.4, ಫ್ಲೋಟ್ (ತುಂಬಿದ ಮೇಲೆ ಹಿಡಿದಿಡುವ ವೋಲ್ಟ್) 13.5, ಈಕ್ವಲೈಸ್ ಕಡ್ಡಾಯವಾಗಿ ಬಂದ್. ಟ್ಯೂಬ್ಯುಲರಿನ ಸೆಟ್ಟಿಂಗ್ ಬದಲಿಸದೆ ಲಿಥಿಯಂ ಜೋಡಿಸಿದರೆ ಬಿಎಂಎಸ್ ಪದೇಪದೇ ಟ್ರಿಪ್ ಆಗುತ್ತದೆ.

ಕಂಟ್ರೋಲರ್ ವಿಷಯದಲ್ಲಿ ಹಣ ಪೋಲಾಗುವುದು ಒಂದೇ ಜಾಗದಲ್ಲಿ. ಅಗ್ಗಕ್ಕೆ ಸಿಗುತ್ತದೆಂದು 72 ಸೆಲ್ಲಿನ 330 ವ್ಯಾಟ್ ಪ್ಯಾನೆಲ್ ತಂದು ಪಿಡಬ್ಲ್ಯುಎಂ ಕಂಟ್ರೋಲರಿಗೆ ಕಟ್ಟುತ್ತಾರೆ. ಆ ಪ್ಯಾನೆಲ್ ಕೆಲಸ ಮಾಡುವುದು 38 ವೋಲ್ಟ್, ಸುಮಾರು 8.7 ಆ್ಯಂಪಿನಲ್ಲಿ. ಪಿಡಬ್ಲ್ಯುಎಂ ಅದೇ 8.7 ಆ್ಯಂಪನ್ನು 13 ವೋಲ್ಟಿಗೆ ಇಳಿಸಿ ಕೊಡುವುದರಿಂದ ಸಿಗುವುದು 113 ವ್ಯಾಟ್. 36 ಸೆಲ್ಲಿನ 160 ವ್ಯಾಟ್ ಪ್ಯಾನೆಲ್ ಕೂಡ ಅಷ್ಟೇ ಕೊಡುತ್ತದೆ. ಎಂಪಿಪಿಟಿ (ಹೆಚ್ಚುವರಿ ವೋಲ್ಟನ್ನು ಆ್ಯಂಪಾಗಿ ಬದಲಿಸುವ ಕಂಟ್ರೋಲರ್) ಹಾಕಿದರೆ ಅದೇ ದೊಡ್ಡ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ 20 ಆ್ಯಂಪಿಗಿಂತ ಹೆಚ್ಚು ತುಂಬುತ್ತದೆ. ಮೇಲೆ ಎಂಪಿಪಿಟಿ ಎಂದು ಬರೆದು ಒಳಗೆ ಪಿಡಬ್ಲ್ಯುಎಂ ಇರುವ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಡಿಸಿ ಕ್ಲ್ಯಾಂಪ್ ಮೀಟರಿನಲ್ಲಿ ಪ್ಯಾನೆಲ್ ಕಡೆಯ ಆ್ಯಂಪನ್ನೂ ಬ್ಯಾಟರಿ ಕಡೆಯದನ್ನೂ ಅಳೆಯಿರಿ. ಬ್ಯಾಟರಿ ಅರೆ ಖಾಲಿಯಿದ್ದು ಬಿಸಿಲು ಚೆನ್ನಾಗಿರುವಾಗ ಎರಡೂ ಒಂದೇ ಬಂದರೆ ಮೋಸ.

ವೈರಿಂಗ್ ಎರಡಕ್ಕೂ ಒಂದೇ. ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್, ಕೊನೆಗೆ ಲೋಡು, ಬಿಚ್ಚುವಾಗ ಉಲ್ಟಾ. ಪ್ಯಾನೆಲ್ ಹತ್ತು ಮೀಟರ್ ದೂರವಿದ್ದು 10 ಆ್ಯಂಪ್ ಹರಿದರೆ 4 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಹೋಗಿಬರುವಾಗ ಸುಮಾರು 1 ವೋಲ್ಟ್ ಸೋರುತ್ತದೆ, 2.5ರದ್ದಾದರೆ ಒಂದೂವರೆ. ಬ್ಯಾಟರಿಯ ಪ್ಲಸ್ಸಿನ ಪಕ್ಕದಲ್ಲೇ ಫ್ಯೂಸ್ ಇರಲಿ. ಮನೆಯ ಎಸಿ ಎಂಸಿಬಿಯನ್ನು ಇಲ್ಲಿಗೆ ಹಾಕಬೇಡಿ. ಡಿಸಿಯ ಕಿಡಿಯನ್ನು ಅದು ಆರಿಸಲಾರದು.

ಹಾಗಾದರೆ ಟ್ಯೂಬ್ಯುಲರ್ ಯಾರಿಗೆ? ಬಯಲುಸೀಮೆಯವರಿಗೆ ಧಾರಾಳವಾಗಿ ಹೇಳಬಹುದು. ಚಿತ್ರದುರ್ಗ, ಕೊಪ್ಪಳದ ಕಡೆ ಹೆಚ್ಚಿನ ದಿನ ಅದು ತುಂಬಿಯೇ ತುಂಬುತ್ತದೆ. ಮಲೆನಾಡಿನಲ್ಲೂ ಜನರೇಟರ್ ಇರುವವರು ಮಳೆಗಾಲದಲ್ಲಿ ವಾರಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿಕೊಂಡರೆ ನಡೆದೀತು. ಎರಡು ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಬಾವಿ ನೀರು ಸಲ್ಲದು. ಸತ್ತ ಮೇಲೂ ಸೀಸಕ್ಕೆ ಗುಜರಿಯಲ್ಲಿ ಬೆಲೆಯಿದೆ. ಲಿಥಿಯಂ ಅನ್ನು ಊರಿನ ಗುಜರಿಯವರು ಮುಟ್ಟುವುದಿಲ್ಲ. ಆದರೆ ಆಸಿಡ್ ತುಂಬಿದ ಟ್ಯೂಬ್ಯುಲರ್ 50 ಕಿಲೋ ದಾಟುತ್ತದೆ. ಜೀಪು ಹೋಗದ ಕಾಲುದಾರಿಯಲ್ಲಿ, ಸಂಕ ದಾಟಿ ಅದನ್ನು ಹೊರುವುದಕ್ಕೆ ಇಬ್ಬರು ಬೇಕು. ಲಿಥಿಯಂ 11–13 ಕಿಲೋ, ಒಬ್ಬರೇ ಒಯ್ಯಬಹುದು. ಕೊಳ್ಳುವಾಗ ತಕ್ಕಡಿಗೂ ಹಾಕಿ: 100 ಆ್ಯಂಪ್-ಅವರ್ ಎಂದು ಬರೆದು 8 ಕಿಲೋ ತೂಗಿದರೆ ಒಳಗೆ ಅಷ್ಟು ಸೆಲ್ ಇಲ್ಲ. ಬಿಎಂಎಸ್ 100 ಆ್ಯಂಪಿನದೇ ಇರಬೇಕು. 50ರದ್ದಾದರೆ ಮಿಕ್ಸಿ ಹಾಕಿದ ಕೂಡಲೇ ಮನೆಯೆಲ್ಲ ಕತ್ತಲೆ.