ಗಟ್ಟಿ ಗಿಡವೇನೋ ಹೌದು, ನಮ್ಮ ಮಳೆಗಲ್ಲ

ಹೋದ ವರ್ಷ ಎಪ್ರಿಲ್‌ನಲ್ಲಿ ಉಡುಪಿ ಹತ್ತಿರ ಹೆದ್ದಾರಿ ಬದಿಯ ಒಂದು ನರ್ಸರಿಯಿಂದ ಎರಡು ಕುಳ್ಳ ಪಾಮ್ ಗಿಡ ತಂದಿದ್ದೆ. ನರ್ಸರಿಯ ಹೆಸರು ಬೇಡ. ಅವರಿಗೆ ವ್ಯಾಪಾರ ಆಗಬೇಕು, ನನಗೆ ದಿನಾ ಅದೇ ದಾರಿ. ಒಂದು ಮಳೆಗಾಲ ಕಳೆಯಲಿ, ಆಮೇಲೆ ಬರೆಯುವ ಅಂತ ಇಷ್ಟು ದಿನ ಸುಮ್ನಿದ್ದೆ.

ಮೊದಲನೆಯದು ಚಾಮೆರಾಪ್ಸ್, 1,400 ರೂಪಾಯಿ. ಬೀಸಣಿಗೆ ಬಿಡಿಸಿದ ಹಾಗಿನ ಎಲೆ, ಬೂದಿ ಉದುರಿಸಿದಂಥ ಹಸಿರು, ತೊಟ್ಟಿನ ಎರಡೂ ಅಂಚಿಗೆ ಮುಳ್ಳು. "ಗಟ್ಟಿ ಗಿಡ ಅಕ್ಕ, ಹಿಮ ಬಿದ್ದರೂ ಎಂತ ಆಗುದಿಲ್ಲ" ಅಂದರು ಯಜಮಾನರು. ಉಡುಪಿಯಲ್ಲಿ ಹಿಮ! ನಕ್ಕು ದುಡ್ಡು ಕೊಟ್ಟೆ. ಮಳೆ ಬಿದ್ದರೆ ಎಂತ ಆಗ್ತದೆ ಅಂತ ಕೇಳಲಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಸ್ಪೇನ್, ಇಟಲಿ, ಮೊರಾಕ್ಕೊ ಕಡೆಯ ಈ ಗಿಡ ಮೈನಸ್ 10 ಡಿಗ್ರಿ ಹತ್ತಿರದ ಚಳಿಯನ್ನೂ ತಡೆಯುತ್ತದೆ. ಇಟಲಿಯ ಪಾದುವಾದ ಸಸ್ಯತೋಟದಲ್ಲಿ 1585ರಲ್ಲಿ ನೆಟ್ಟದ್ದು ಇನ್ನೂ ಬದುಕಿದೆ, ಅದಕ್ಕೆ ಗಾಜಿನ ಮನೆ ಬೇರೆ ಕಟ್ಟಿಕೊಟ್ಟಿದ್ದಾರೆ. ಆದರೆ ಆ ಕಡೆ ಮಳೆ ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ. ನಮ್ಮಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು, ಅದರಲ್ಲಿ ಮುಕ್ಕಾಲಿಗಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸೆಕೆಯೂ ಒದ್ದೆಯೂ ಒಟ್ಟಿಗೆ.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಹೊಯ್ಯುತ್ತಿತ್ತು. ನೋಡಿದರೆ ನಡುವಿನ ಸುಳಿ ಕಂದು ಬಣ್ಣಕ್ಕೆ ತಿರುಗಿದೆ. ಎರಡು ಬೆರಳಲ್ಲಿ ಹಿಡಿದು ಮೆಲ್ಲ ಎಳೆದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡೀ ಸುಳಿ ಕೈಗೆ ಬಂತು. ಬುಡದಲ್ಲಿ ಲೋಳೆ, ಹಳಸಿದ ವಾಸನೆ. ತೆಂಗಿನ ತೋಟ ಇದ್ದವರಿಗೆ ಬಿಡಿಸಿ ಹೇಳಬೇಕಿಲ್ಲ, ಸುಳಿಕೊಳೆ. ನರ್ಸರಿಗೆ ಫೋನ್ ಮಾಡಿದರೆ "ನೀರು ಜಾಸ್ತಿ ಹಾಕಿದ್ದೀರಿ" ಅಂದರು. ನಾನು ಎಲ್ಲಿ ಹಾಕಿದ್ದು ಮಾರಾಯ್ರೆ!

ಚಟ್ಟಿ ಮಗುಚಿದೆ. ಒಳಗೆ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಜೇಡಿಮಣ್ಣು. ಅಡಿಯ ಎರಡು ತೂತಿನಲ್ಲಿ ಒಂದನ್ನು ಬೇರು ಮುಚ್ಚಿತ್ತು. ಮುಷ್ಟಿಯಲ್ಲಿ ಹಿಂಡಿದರೆ ಮೊಣಕೈವರೆಗೆ ನೀರು ಇಳಿಯಿತು. ಅದು ಅವರ ತಪ್ಪು. ಮಳೆಗಾಲಕ್ಕೆ ಮೊದಲು ಮಣ್ಣು ಬದಲಿಸದ್ದು ನನ್ನದು.

ಊರಿನಲ್ಲಿ ಅಪ್ಪನಿಗೆ ಅಡಿಕೆ, ತೆಂಗಿನ ತೋಟ ಇದೆ. ಕೊಳೆತದ್ದನ್ನೆಲ್ಲ ಕೆರೆದು ತೆಗೆದು, ಕೊಳೆಗೆ ಹಚ್ಚುವ ಮದ್ದು ಬೋರ್ಡೋ ಪೇಸ್ಟ್ ಹಚ್ಚು ಅಂದರು. 100 ಗ್ರಾಂ ಮೈಲುತುತ್ತು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಿನಲ್ಲಿ. ಬೇರೆಬೇರೆ ಪ್ಲಾಸ್ಟಿಕ್ ಬಾಲ್ದಿಯಲ್ಲಿ ಕರಗಿಸಿ ಆಮೇಲೆ ಸೇರಿಸಬೇಕು. ಮೊಣಕಾಲೆತ್ತರದ ಗಿಡಕ್ಕೆ ಒಂದು ಲೀಟರ್ ಪೇಸ್ಟ್! ದೊಡ್ಡ ಗಿಡ ಹೇಗೂ ಉಳಿಯಲಿಲ್ಲ. ಪುಣ್ಯಕ್ಕೆ ಈ ಜಾತಿ ಬಾಳೆಯ ಹಾಗೆ ಬುಡದಲ್ಲಿ ಮರಿ ಬಿಡುತ್ತದೆ. ಇದ್ದ ಒಂದು ಮರಿಯನ್ನು ಮುರಕಲ್ಲಿನ ಚೂರು, ಮರಳು, ಮಲ್ಲಿಗೆ ಚಟ್ಟಿಗೆ ಮಾಡಿ ಮಿಕ್ಕಿದ್ದ ಸುಡುಮಣ್ಣು ಹಾಕಿ ನೆಟ್ಟು, ಟೆರೇಸಿನ ಶೀಟಿನಡಿ ಇಟ್ಟೆ. ಈಗ ನಾಲ್ಕು ಎಲೆ ಇದೆ. ತೀರಾ ನಿಧಾನ ಅದರದ್ದು.

ಎರಡನೆಯದು ಪಿಗ್ಮಿ ಡೇಟ್ ಪಾಮ್, ಕುಳ್ಳ ಈಚಲು ಅನ್ನಿ. 650 ರೂಪಾಯಿ. ಲಾವೋಸ್, ವಿಯೆಟ್ನಾಂ ಕಡೆಯ ಹೊಳೆ ದಂಡೆಯ ಗಿಡ, ಮಳೆ ಅದಕ್ಕೆ ಹೊಸತಲ್ಲ. ಗೇಟಿನ ಹತ್ತಿರ ನೆಲದಲ್ಲೇ ನೆಟ್ಟೆ, ಏನೂ ಮಾಡಲಿಲ್ಲ, ಚೆನ್ನಾಗಿದೆ. ಪೊದೆಯ ಹಾಗೆ ಕಾಣಲಿ ಅಂತ ನರ್ಸರಿಯವರು ಮೂರು ಗಿಡ ಒಟ್ಟಿಗೆ ಹಾಕಿರುತ್ತಾರೆ, ಅದು ಗೊತ್ತಿರಲಿ. ಎಲೆಯ ಬುಡದಲ್ಲಿ ಸೂಜಿಯಂಥ ಮುಳ್ಳು ಬೇರೆ. ಪೋಸ್ಟಿನವರು ಒಮ್ಮೆ ಚುಚ್ಚಿಸಿಕೊಂಡು ನನ್ನ ಮುಖ ನೋಡಿದರು. ಗೇಟಿನಿಂದ ಇನ್ನೆರಡು ಅಡಿ ಆಚೆ ನೆಡಬೇಕಿತ್ತು.

ನರ್ಸರಿಗೆ ಐದರಲ್ಲಿ ಮೂರು ಕೊಡುತ್ತೇನೆ. ಬೆಲೆ ಹೆಚ್ಚೇನಲ್ಲ. ಗೋಣಿ ಸುತ್ತಿ ಕಟ್ಟಿಕೊಟ್ಟದ್ದಕ್ಕೆ ಸ್ಕೂಟರಿನಲ್ಲಿ ತಂದರೂ ಒಂದೆಲೆ ಮುರಿಯಲಿಲ್ಲ. ಅಲ್ಲಿಗೆ ಹೋದರೆ ಯಜಮಾನರನ್ನು ಬಿಟ್ಟು ಹಾಗೆ ಕಟ್ಟಿಕೊಟ್ಟ ಹುಡುಗನನ್ನು ಕೇಳಿ. "ಇದನ್ನು ಮಳೆಗೆ ಇಡಬೇಡಿ ಅಕ್ಕ" ಅಂತ ಅವನು ಅವತ್ತೇ ಹೇಳಿದ್ದ. ನಾನು ಹಿಮದ ಮಾತಿಗೆ ನಗುತ್ತಾ ಇದ್ದೆ.