ನೆಲದ ಮೇಲೆ ಡೊಂಕಾಗಿ ಓಡುವ ವಿಮಾನ, ಒಂದು ಜೋಡಿ ರಡ್ಡರ್ ಪೆಡಲ್

ಕಂಪ್ಯೂಟರಿನ ವಿಮಾನ ಸಿಮ್ಯುಲೇಟರಿನಲ್ಲಿ ರಡ್ಡರನ್ನು, ಅಂದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕವನ್ನು, ಕಾಲಿನಿಂದ ಆಡಿಸಲು ಕೊಳ್ಳಬಹುದಾದ ಪೆಡಲ್. ಆದರೆ ಡಬ್ಬಿಯಿಂದ ತೆಗೆದು, ಯುಎಸ್‌ಬಿ ಚುಚ್ಚಿ, ಹಾಗೆಯೇ ಟೇಕಾಫ್‌ಗೆ ಹೊರಟರೆ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತದೆ. ಆಗ ಹೆಚ್ಚಿನವರು ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ: ಇಡೀ ಸಿಮ್ಯುಲೇಟರನ್ನು ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡುತ್ತಾರೆ. ದೋಷ ಪೆಡಲಿನದೋ, ಸೆಟ್ಟಿಂಗಿನದೋ, ಆ ವಿಮಾನದ ಹುಟ್ಟುಗುಣವೋ ಎಂದು ಬೇರ್ಪಡಿಸದೆ ಯಾವ ಪೆಡಲಿಗೂ ಅಂಕ ಕೊಡಲಾಗದು. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳುವ ಕಾಯಿಲೆಗಳು ಈ ದರ್ಜೆಯ ಬೇರೆ ಪೆಡಲ್‌ಗಳಿಗೂ ಬರುವಂಥವು.

ಉಕ್ಕಿನ ತಳ, ಪ್ಲಾಸ್ಟಿಕ್ ಪಾದಫಲಕ, ಮೂರು ಅಕ್ಷ (ಕಂಪ್ಯೂಟರ್ ಬೇರೆ ಬೇರೆಯಾಗಿ ಓದುವ ಚಲನೆ): ರಡ್ಡರ್‌ಗೆ ಒಂದು, ಪಾದದ ತುದಿಯಿಂದ ಒತ್ತುವ ಎಡ ಬಲ ಟೋ ಬ್ರೇಕ್‌ಗಳಿಗೆ ಒಂದೊಂದು. ರಡ್ಡರ್ ಅಕ್ಷಕ್ಕೆ ಹಾಲ್ ಸೆನ್ಸರ್ ಇದೆ. ಅಲ್ಲಿ ಅಯಸ್ಕಾಂತ ಸರಿಯುತ್ತದೆಯೇ ಹೊರತು ಯಾವುದೂ ಯಾವುದನ್ನೂ ಉಜ್ಜುವುದಿಲ್ಲ. ಸವೆತವಿಲ್ಲ, ಓದು ನಡುಗುವುದೂ ಇಲ್ಲ. ಜಿಪುಣತನ ಕಾಣುವುದು ಬ್ರೇಕ್‌ಗಳಲ್ಲಿ. ಅಲ್ಲಿ ಹಳೆಯ ಕಾಲದ ಪೊಟೆನ್ಷಿಯೋಮೀಟರ್, ಅಂದರೆ ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುವ ಸೆನ್ಸರ್, ಕೂರಿಸಿದ್ದಾರೆ. ಧೂಳು ಸೇರಿದರೆ, ಒಳಗಿನ ಪಟ್ಟಿ ಸವೆದರೆ, ಅದರ ಓದು ಜಿಗಿಯುತ್ತದೆ. ನನ್ನ ಪೆಡಲಿನ ಬಲ ಬ್ರೇಕ್ ಹೊಸದರಲ್ಲೇ ಸೊನ್ನೆಗೆ ಪೂರ್ತಿ ಇಳಿಯುತ್ತಿರಲಿಲ್ಲ.

ಇದನ್ನು ಸಿಮ್ಯುಲೇಟರಿನೊಳಗೆ ಹುಡುಕಬಾರದು. ವಿಂಡೋಸ್‌ನಲ್ಲಿ ಜಾಯ್ ಡಾಟ್ ಸಿಪಿಎಲ್ ಎಂಬ ಪುಟ್ಟ ಫಲಕವಿದೆ. ಅದನ್ನು ತೆರೆದು, ಕಾಲನ್ನು ಪೂರ್ತಿ ಎತ್ತಿಕೊಂಡು, ಪಟ್ಟಿಗಳನ್ನು ಸುಮ್ಮನೆ ನೋಡಬೇಕು. ಎಡ ಬ್ರೇಕಿನ ಪಟ್ಟಿ ಖಾಲಿ. ಬಲದ್ದರಲ್ಲಿ ತಳದ ಮೇಲೆ ಒಂದು ತೆಳು ಗೆರೆ. ಅಷ್ಟೇ ಸಾಕು. ಇದರಿಂದಲೇ ಸೆಸ್ನಾ 172 ಎಂಬ ಸಣ್ಣ ವಿಮಾನ ಟ್ಯಾಕ್ಸಿ ಮಾಡುವಾಗ (ನೆಲದ ಮೇಲೆ ಸಾಗುವಾಗ) ಸದಾ ಬಲಕ್ಕೆ ವಾಲುತ್ತದೆ, ಹೊರಡಲು ಹೆಚ್ಚು ಥ್ರಾಟಲ್ ಬೇಡುತ್ತದೆ. ಇಲ್ಲೊಂದು ಸುಳಿವಿದೆ. ಸೆಸ್ನಾದಂಥ ಒಂಟಿ ಎಂಜಿನ್ ವಿಮಾನದ ಪ್ರೊಪೆಲ್ಲರ್ ಪೈಲಟ್ ಕಡೆಯಿಂದ ನೋಡಿದರೆ ಬಲಕ್ಕೆ ಸುತ್ತುತ್ತದೆ. ಪೂರ್ಣ ಶಕ್ತಿ ಕೊಟ್ಟಾಗ ಮೂಗು ಎಡಕ್ಕೆ ಎಳೆಯುವುದು ಅದರ ಸಹಜ ಗುಣ. ಎಡಕ್ಕೆ ಎಳೆದರೆ ಬಲಗಾಲು ಒತ್ತಿ, ದೂರು ಹೇಳಬೇಡಿ. ಗಾಳಿಯನ್ನು ಸೊನ್ನೆಗೆ ಇಳಿಸಿದ ಮೇಲೂ ಬಲಕ್ಕೆ ಎಳೆದರೆ ಮಾತ್ರ ಯಂತ್ರದ ಮೇಲೆ ಅನುಮಾನ ಪಡಬೇಕು. ಗಾಳಿಯನ್ನು ಮರೆಯಬಾರದು: ಅಡ್ಡಗಾಳಿ ಬಾಲದ ರೆಕ್ಕೆಯನ್ನು ತಳ್ಳಿ ಮೂಗನ್ನು ತಾನು ಬೀಸಿ ಬರುತ್ತಿರುವ ದಿಕ್ಕಿಗೇ ತಿರುಗಿಸುತ್ತದೆ. ಅದನ್ನು ಪೆಡಲಿನ ತಲೆಗೆ ಕಟ್ಟುವುದು ಅನ್ಯಾಯ.

ತಯಾರಕರಿಗೆ ಬರೆದೆ. ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ ಎಂಬ ಉತ್ತರ ಬಂತು. ಈ ಪೆಡಲಿಗೆ ಪ್ರತ್ಯೇಕ ಡ್ರೈವರ್ ಎಂಬುದೇ ಇಲ್ಲ! ಸೇವೆಗೆ ಕೊಡುವ ಅಂಕವನ್ನು ನೀವೇ ಊಹಿಸಿಕೊಳ್ಳಿ. ಕೊನೆಗೆ ಉಪಯೋಗಕ್ಕೆ ಬಂದ ಉಪಾಯ ಇದು: ಕ್ಯಾಲಿಬ್ರೇಷನ್ (ಪೆಡಲಿನ ಕನಿಷ್ಠ ಗರಿಷ್ಠ ಮಟ್ಟಗಳನ್ನು ಕಂಪ್ಯೂಟರಿಗೆ ತಿಳಿಸುವ ಕೆಲಸ) ನಡೆಯುವಷ್ಟು ಹೊತ್ತೂ ಬಲ ಬ್ರೇಕನ್ನು ಕೂದಲೆಳೆಯಷ್ಟು ಒತ್ತಿ ಹಿಡಿದಿರಬೇಕು, ಪೂರ್ತಿ ಬಿಡಲೇಬಾರದು. ಆ ಮಟ್ಟವನ್ನೇ ಕಂಪ್ಯೂಟರ್ ಸೊನ್ನೆ ಎಂದು ತಿಳಿಯುತ್ತದೆ. ಆಮೇಲೆ ಕಾಲು ತೆಗೆದರೆ ಓದು ಸೊನ್ನೆಗಿಂತ ಕೆಳಗೆ ಬೀಳುತ್ತದೆ, ಚಕ್ರ ಹಗುರಾಗಿ ಉರುಳುತ್ತದೆ. ಸವೆತ ಹೆಚ್ಚಿದಂತೆ ಈ ಚಿಕಿತ್ಸೆಯನ್ನು ಮತ್ತೆ ಮಾಡಬೇಕಾದೀತು.

ಸೆಟ್ಟಿಂಗಿನ ಪಾಲಿನ ದೋಷಗಳು ಸುಲಭದವು. ಥ್ರಾಟಲ್ ತುದಿಗೆ ಒತ್ತಿದರೂ ವಿಮಾನ ಕದಲದಿದ್ದರೆ, ಪಾರ್ಕಿಂಗ್ ಬ್ರೇಕ್ ಬಿಟ್ಟಿದ್ದರೆ, ಟೋ ಬ್ರೇಕಿನ ಅಕ್ಷ ತಲೆಕೆಳಗಾಗಿದೆ ಎಂದರ್ಥ. ಕಾಲು ತೆಗೆದಾಗ ಪೂರ್ಣ ಬ್ರೇಕ್ ಬೀಳುತ್ತಿದೆ, ಅಕ್ಷವನ್ನು ತಿರುವಿಹಾಕಿ. ಮೂಗಿನ ಚಕ್ರ ತನ್ನಷ್ಟಕ್ಕೆ ಅದುರುತ್ತಿದ್ದರೆ ಜಾಯ್‌ಸ್ಟಿಕ್ಕಿನ ತಿರುಚುವ ಹಿಡಿಯೂ ರಡ್ಡರ್‌ಗೆ ಜೋಡಣೆಯಾಗಿಯೇ ಉಳಿದಿರುತ್ತದೆ. ಹೊಸ ಸಾಧನ ಚುಚ್ಚಿದಾಗ ಸಿಮ್ಯುಲೇಟರ್ ತಾನೇ ಜೋಡಣೆ ಮಾಡಿಕೊಳ್ಳುತ್ತದೆ, ಹಳೆಯದನ್ನು ತೆಗೆಯುವುದಿಲ್ಲ. ಮೂಲೆಯಲ್ಲಿ ಬಿದ್ದಿರುವ ಗೇಮ್‌ಪ್ಯಾಡ್ ಕೂಡ ಹೀಗೆ ತಲೆಹಾಕುತ್ತದೆ. ಸ್ಟಿಕ್ ವಾಲಿಸಿದರೆ ರಡ್ಡರ್ ತಾನೇ ತಿರುಗುತ್ತಿದ್ದರೆ ಆಟೋ ರಡ್ಡರ್ ನೆರವನ್ನು ಆರಿಸಿ. ಪೆಡಲ್ ಕೊಂಡಮೇಲೆ ಅದಕ್ಕೇನು ಕೆಲಸ?

ಇನ್ನು ವಿಮಾನದ ಹುಟ್ಟುಗುಣ. ಪೆಡಲ್ ಕೆಲಸ ಮಾಡುತ್ತಿಲ್ಲ ಎಂದು ಪರಿಚಯದವರು ಹೇಳಿದಾಗ ನಾನು ಮೊದಲು ಕೇಳುವುದು, ಯಾವ ವಿಮಾನ ಎಂದು. ಸಿರಸ್ ಎಸ್‌ಆರ್22, ಡೈಮಂಡ್ ಡಿಎ40 ಇವುಗಳ ಮೂಗಿನ ಚಕ್ರಕ್ಕೂ ಪೆಡಲಿಗೂ ಸಂಬಂಧವೇ ಇಲ್ಲ, ಅದು ಸ್ವತಂತ್ರವಾಗಿ ಹೊರಳುವ ಚಕ್ರ. ನಿಧಾನವಾಗಿ ಸಾಗುವಾಗ ಒಂದು ಬದಿಯ ಬ್ರೇಕನ್ನು ತಟ್ಟಿ ತಟ್ಟಿ ತಿರುಗಿಸಬೇಕು, ವೇಗ ಬಂದ ಮೇಲೆ ರಡ್ಡರ್ ಮಾತು ಕೇಳುತ್ತದೆ. ಏರ್‌ಬಸ್ ಎ320ರಲ್ಲಿ ಪೆಡಲ್ ಒತ್ತಿದರೆ ಮೂಗಿನ ಚಕ್ರ ತಿರುಗುವುದು 6 ಡಿಗ್ರಿ ಮಾತ್ರ. 75 ಡಿಗ್ರಿ ತಿರುಗಿಸುವುದು ಪೈಲಟ್ ಪಕ್ಕದ ಟಿಲ್ಲರ್ ಎಂಬ ಕೈಹಿಡಿ. ಬೋಯಿಂಗ್ 737ರಲ್ಲಿ ಈ ಲೆಕ್ಕ 7 ಮತ್ತು 78. ನಿಷ್ಠೆಯಿಂದ ಮಾಡಿದ ಮಾದರಿಯಲ್ಲಿ ಪೆಡಲಿನಿಂದಲೇ ಟ್ಯಾಕ್ಸಿವೇ ತಿರುವು ದಾಟುತ್ತೇನೆ ಎಂದರೆ ಆಗದು. ಖಾಲಿ ಇರುವ ಒಂದು ಅಕ್ಷವನ್ನು ಟಿಲ್ಲರ್‌ಗೆ ಕೊಡಿ. ಟಿಲ್ಲರೂ ಕೇಳದಿದ್ದರೆ ಎ320ರ ಪರದೆಯಲ್ಲಿ ‘ಎನ್‌ಡಬ್ಲ್ಯೂ ಎಸ್‌ಟಿಆರ್‌ಜಿ ಡಿಐಎಸ್‌ಸಿ’ (ಮೂಗಿನ ಚಕ್ರದ ಸ್ಟಿಯರಿಂಗ್ ಕಡಿದಿದೆ) ಎಂಬ ಸಾಲು ಇನ್ನೂ ಇದೆಯೇ ನೋಡಿ. ಪುಷ್‌ಬ್ಯಾಕ್ (ವಾಹನವೊಂದು ವಿಮಾನವನ್ನು ಹಿಂದಕ್ಕೆ ತಳ್ಳುವುದು) ಮುಗಿದು, ಅದಕ್ಕೆಂದು ಮೂಗಿನ ಚಕ್ರದ ಬಳಿ ಚುಚ್ಚಿದ ಪಿನ್ ತೆಗೆಯುವವರೆಗೆ ಸ್ಟಿಯರಿಂಗ್ ಕಡಿದೇ ಇರುತ್ತದೆ. ಪಿ-51 ಮಸ್ಟ್ಯಾಂಗ್‌ನಲ್ಲಂತೂ ಸ್ಟಿಕ್ಕನ್ನು ಹಿಂದಕ್ಕೆ ಎಳೆದು ಹಿಡಿದರೆ ಮಾತ್ರ ಬಾಲದ ಚಕ್ರ ಪೆಡಲಿನ ಹಿಡಿತಕ್ಕೆ ಬರುತ್ತದೆ.

ಇವೆಲ್ಲ ಕಳೆದ ಮೇಲೂ ಉಳಿಯುವ ನಿಜವಾದ ದೋಷ ಒಂದಿದೆ, ಅದಕ್ಕೇ ನಾನು ಅಂಕ ಕಡಿಯುವುದು. ರಡ್ಡರ್ ನಡುಬಿಂದುವಿನಲ್ಲಿ ಒಂದು ಕಚ್ಚು ಇಟ್ಟಿದ್ದಾರೆ. ಒಳಗೆ ಬಾಗಿದ ಲೋಹದ ತುಂಡಿನ ಮೇಲೆ ಪುಟ್ಟ ಉರುಳೆ ಓಡುತ್ತದೆ, ನಡುವೆ ಬಂದಾಗ ಟಕ್ಕೆಂದು ಗುಳಿಗೆ ಬೀಳುತ್ತದೆ. ಅಂಗಡಿಯಲ್ಲಿ ಒತ್ತಿ ನೋಡುವವರಿಗೆ ಇದು ಹಿತವಾಗಿ ಕಂಡೀತು. ಟೇಕಾಫ್ ಓಟದಲ್ಲಿ ಇದೇ ಶತ್ರು. ಅಲ್ಲಿ ಬೇಕಾಗುವುದು ನಡುಬಿಂದುವಿನ ಆಸುಪಾಸಿನ ಸಣ್ಣ ಸಣ್ಣ ತಿದ್ದುಪಡಿ. ಗುಳಿಯಿಂದ ಎಬ್ಬಿಸಲು ಬೇಕಾದ ಬಲ, ಎದ್ದ ಮೇಲೆ ಬೇಕಾದ ಬಲಕ್ಕಿಂತ ಹೆಚ್ಚು. ಹಾಗಾಗಿ ಕಾಲು ಜಾರಿ ಮುಂದೆ ಹೋಗುತ್ತದೆ, ಮೂಗು ಬಲಕ್ಕೆ ಹಾರುತ್ತದೆ, ಹಿಂದೆ ತಂದರೆ ಮತ್ತೆ ಗುಳಿ. ರನ್‌ವೇಯ ಬಿಳಿ ಗೆರೆಯ ಆಚೀಚೆ ಹಾವಿನ ನಡಿಗೆ.

ಡೆಡ್‌ಝೋನ್ (ನಡುಬಿಂದುವಿನ ಸುತ್ತ ಪೆಡಲ್ ಸರಿದರೂ ಸಿಮ್ಯುಲೇಟರ್ ಲೆಕ್ಕಿಸದ ಜಾಗ) ಹೆಚ್ಚಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಕೇಳಬೇಡಿ. ಹಾಲ್ ಸೆನ್ಸರಿಗೆ ಅದು ಬೇಕಿಲ್ಲ, ಇರುವ ಗುಳಿಯ ಸುತ್ತ ಇನ್ನೊಂದು ಸತ್ತ ಜಾಗ ಸೇರುತ್ತದೆ ಅಷ್ಟೇ. ಡೆಡ್‌ಝೋನನ್ನು ಸೊನ್ನೆ ಮಾಡಿ, ಸಂವೇದನೆಯ ರೇಖೆಯನ್ನು (ಪೆಡಲ್ ಎಷ್ಟು ಸರಿದರೆ ರಡ್ಡರ್ ಎಷ್ಟು ತಿರುಗಬೇಕು ಎಂಬ ಸೆಟ್ಟಿಂಗ್) ನಡುವಿನಲ್ಲಿ ತುಸು ಚಪ್ಪಟೆ ಮಾಡಿದರೆ ಆ ಜಿಗಿತದ ಪೆಟ್ಟು ತಗ್ಗುತ್ತದೆ. ಬಹಳ ಚಪ್ಪಟೆ ಮಾಡಿದರೆ ಪೆಡಲಿನ ಕೊನೆಯ ಭಾಗ ಥಟ್ಟನೆ ಚುರುಕಾಗಿ, ಅಡ್ಡಗಾಳಿಯ ಲ್ಯಾಂಡಿಂಗಿನಲ್ಲಿ ಕಾಟ ಕೊಡುತ್ತದೆ. ತಳದ ತಿರುಪಿನಿಂದ ಸ್ಪ್ರಿಂಗನ್ನು ಸಡಿಲಿಸಿದ್ದು ನನಗೆ ಇದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಉರುಳೆಯ ಒತ್ತಡ ಇಳಿದು ಗುಳಿಯ ಬಿಗಿ ಅರ್ಧಕ್ಕರ್ಧ ಹೋಯಿತು.

ತಳದ ರಬ್ಬರ್ ಕಾಲುಗಳು ನುಣ್ಣನೆಯ ನೆಲದಲ್ಲಿ ನಿಲ್ಲುವುದಿಲ್ಲ, ಹಿಂದೆ ಗೋಡೆಗೆ ಹಲಗೆ ಆನಿಸಬೇಕು. ಪಾದಫಲಕದ ಕೋನ ಬದಲಿಸುವ ಸೌಲಭ್ಯ ಚೆನ್ನಾಗಿದೆ. ಹಿಮ್ಮಡಿ ನೆಲಕ್ಕೆ ಊರಿ ರಡ್ಡರ್ ಒತ್ತುವಾಗ ಬೆರಳು ಬ್ರೇಕಿಗೆ ತಗಲದಂತೆ ಹೊಂದಿಸಿಕೊಳ್ಳಬಹುದು.

ಸಣ್ಣ ವಿಮಾನ, ಜೆಟ್ ಎರಡನ್ನೂ ಹಾರಿಸುವವರು, ತಿರುಪು ಹಿಡಿಯಲು ಅಂಜದವರು ಧಾರಾಳವಾಗಿ ಕೊಳ್ಳಿ, ಐದಕ್ಕೆ ಮೂರೂವರೆ. ಹೆಲಿಕಾಪ್ಟರ್ ಪ್ರಿಯರಿಗೆ ಮಾತ್ರ ಇದು ಬೇಡ. ಅಲ್ಲಿ ಪೆಡಲ್ ಇಟ್ಟ ಜಾಗದಲ್ಲೇ ನಿಲ್ಲಬೇಕು, ಇದರ ಸ್ಪ್ರಿಂಗ್ ಎಷ್ಟು ಸಡಿಲಿಸಿದರೂ ನಡುವಿಗೇ ಎಳೆಯುತ್ತದೆ.